ಕಣ್ಣು ಮುಚ್ಚಿದ ಫೋಟೋಗಳು

ನಾಸಿಕದ ಕನ್ನಡದವರ ಮನೆಗಳಲ್ಲಿ ಮಲ್ಲಿನಾಥರನ್ನು ಅರಿಯದವರಿಲ್ಲ. ಬೀದರ್ ಜಿಲ್ಲೆಯ ಔರಾದದವರು, ಸಿಡ್ಕೋ ಬಡಾವಣೆಯಲ್ಲಿ ಅವರದೊಂದು ಸಣ್ಣ ಸ್ಟುಡಿಯೋ. ನಮ್ಮ ಹಾಗೆ ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದು ಇಲ್ಲೇ ಉಳಿದುಹೋದವರ ಮನೆಯ ತೊಟ್ಟಿಲು, ಮುಂಜಿವೆ, ಮದುವೆ ಎಲ್ಲಕ್ಕೂ ಅವರದೇ ಕ್ಯಾಮೆರಾ. ಮಂಗಲ ಕಾರ್ಯಾಲಯದಲ್ಲಿ ಮರಾಠಿ ಬೀಗರ ಗದ್ದಲ ಎಷ್ಟೇ ಇರಲಿ, ಅವರು ಹೆಸರು ಹಿಡಿದು ಕನ್ನಡದಲ್ಲಿ ಕೂಗಿದರೆ ನಮ್ಮವರ ತಲೆಗಳು ತಾವಾಗಿ ಅತ್ತ ತಿರುಗುತ್ತವೆ. ಆಮೇಲೆ ಒಂದು ಮೂಲೆಯಲ್ಲಿ ಕೂತು, ಕಣ್ಣು ಮುಚ್ಚಿದ ಫೋಟೋಗಳನ್ನು ಹುಡುಕಿ ಹುಡುಕಿ ಅಳಿಸುತ್ತಾರೆ. ಅಷ್ಟು ಅಚ್ಚುಕಟ್ಟಿನ ಮನುಷ್ಯ. ಬಾಯಿ ಮಾತ್ರ ಸುಮ್ಮನಿರುವುದಿಲ್ಲ.

2010ರ ಡಿಸೆಂಬರಿನಲ್ಲಿ ಅವರನ್ನು ಔರಂಗಾಬಾದಿಗೆ ಎಳೆದುಕೊಂಡು ಹೋದವಳು ನಾನೇ. ಊರಿಗೆ ಆಗಿನ್ನೂ ಸಂಭಾಜಿನಗರ ಎಂಬ ಹೆಸರು ಬಂದಿರಲಿಲ್ಲ. ನನ್ನ ಮಗಳು ಮಧುರಾ, ಹದಿನೈದು ವರ್ಷದವಳು, ಅಲ್ಲಿ ರಾಜ್ಯಮಟ್ಟದ ಟೇಕ್ವಾಂಡೋ ಆಡಲಿದ್ದಳು. ನಾಸಿಕದ ತಂಡದ ಫೋಟೋ ತೆಗೆಯಲು ಯಾರಾದರೂ ಬೇಕೆಂದು ಕೋಚ್ ರತ್ನಾಕರ ಸರ್ ಕೇಳಿದಾಗ, ನಾನು ಹಿಂದೆಮುಂದೆ ನೋಡದೆ ಮಲ್ಲಿನಾಥರ ಹೆಸರು ಹೇಳಿದೆ.

"ಶುಭಾ ಅಕ್ಕೋರೆ, ಒದ್ದಾಟದ ಫೋಟೋ ನಾ ಎಂದೂ ತೆಗ್ದಿಲ್ರಿ. ಕೆಲಸಕ್ಕಂತ ಈ ಬಾಜೂದ ಘೋಟಿ ದಾಟಿ ಹೋದವನೂ ಅಲ್ಲ," ಎಂದರು.

"ಮದುವಿಗಿಂತ ಏನ್ ಬ್ಯಾರೆ ಇರತದ, ಬರ್ರಿ," ಎಂದೆ. ಆಗಲೇ ನನ್ನ ಬಾಯಿಗೆ ಬೀಗ ಹಾಕಬೇಕಿತ್ತು.

ಕೆಂಪು ಬಸ್ಸು ಯೇವಲಾ ದಾಟಿ ವೈಜಾಪುರ ಬರುವಷ್ಟರಲ್ಲಿ "ಇನ್ನೆಷ್ಟು ದೂರ?" ಎಂದು ಅವರು ಬಸ್ಸಿನ ಅರ್ಧ ಜನರನ್ನು ಕೇಳಿದ್ದರು. ಇಳಿದಾಗ ಕ್ಯಾಮೆರಾ ಚೀಲವನ್ನು ಕೂಸಿನ ಹಾಗೆ ಅವಚಿಕೊಂಡಿದ್ದರು. ಆದರೆ ಆಟೋದವನ ಹಿಂದಿ ಕಿವಿಗೆ ಬಿದ್ದದ್ದೇ ಮುಖ ಅರಳಿತು. "ಇದು ನಮ್ಮ ಬೀದರ್‌ದಾಗ ಮಾತಾಡೂ ಹಿಂದಿನೇ ಅದ ನೋಡ್ರಿ!" ಎಂದು ಕ್ರೀಡಾಂಗಣ ಬರುವ ತನಕ ಅವನ ಜೊತೆ ಹರಟಿದರು.

ಮಧುರಾಳ ಎದುರಾಳಿ ಕೊಲ್ಹಾಪುರದ ಮೃಣಾಲಿನಿ. ಗೆದ್ದವಳಿಗೆ ಮಹಾರಾಷ್ಟ್ರ ತಂಡದಲ್ಲಿ ಜಾಗ. ಈ ಹುಡುಗಿಯ ಎದುರು ಮಧುರಾ ಹಿಂದೆ ಎರಡು ಸಲ ಒಂದಂಕವನ್ನೂ ಗಳಿಸದೆ ಸೋತಿದ್ದಳು. ಈ ಸಲ ಮೊದಲ ಸುತ್ತಿನಲ್ಲಿ ಎರಡು-ಎರಡು, ಸಮಸಮ.

ಮಲ್ಲಿನಾಥರು ಅಂಕಣದ ಅಂಚಿನಲ್ಲಿ ನೆಲಕ್ಕೆ ಕೂತಿದ್ದರು. ಅವರ ಕ್ಯಾಮೆರಾಕ್ಕೆ ಮಧುರಾಳ ಬೆನ್ನಷ್ಟೇ ಸಿಗುತ್ತಿತ್ತು. ಮದುವೆಗಳಲ್ಲಿ ಕೂಗಿ ಕೂಗಿ ಪಳಗಿದ ಬಾಯಿ, ಕೂಗಿಯೇಬಿಟ್ಟಿತು: "ಮಧುರಾ, ಇಕಡಿ ನೋಡವ್ವಾ!"

ಇಡೀ ಕ್ರೀಡಾಂಗಣ ಮರಾಠಿಯಲ್ಲಿ ಕಿರುಚುತ್ತಿತ್ತು. ಅದರ ನಡುವೆ ಮನೆಯ ಮಾತು ಕಿವಿಗೆ ಬಿತ್ತು. ಮಧುರಾ ತಿರುಗಿದಳು. ಮೃಣಾಲಿನಿಯ ಕಾಲು ನೇರ ಅವಳ ಹೆಲ್ಮೆಟ್ಟಿಗೆ ಬಡಿಯಿತು. ಎದುರಾಳಿಗೆ ಮೂರು ಅಂಕ, ಮರುಕ್ಷಣ ಸುತ್ತು ಮುಗಿದ ಗಂಟೆ.

ರತ್ನಾಕರ ಸರ್ ಮಲ್ಲಿನಾಥರ ರಟ್ಟೆ ಹಿಡಿದೆಬ್ಬಿಸಿ ಪ್ರೇಕ್ಷಕರ ಮೆಟ್ಟಿಲಿಗೆ ಅಟ್ಟಿದರು. ಬಂದು ನನ್ನ ಪಕ್ಕದಲ್ಲೇ ಕೂತರು, ಪುಣ್ಯಾತ್ಮ. ಆ ಕ್ಯಾಮೆರಾ ಕಸಿದು ನೆಲಕ್ಕೆ ಕುಕ್ಕಬೇಕೆನ್ನಿಸಿತು.

"ನನ್ನ ಕೂಡ ಮಾತಾಡಬ್ಯಾಡ್ರಿ," ಎಂದೆ.

ಅವರು ಏನು ಮಾಡಬೇಕೋ ತೋಚದೆ, ರೂಢಿಯಂತೆ ಪರದೆಯ ಮೇಲೆ ಫೋಟೋ ನೋಡುತ್ತ ಕಣ್ಣು ಮುಚ್ಚಿದವನ್ನು ಅಳಿಸತೊಡಗಿದರು. ಒಂದು ಅಳಿಸಿದರು, ಎರಡು ಅಳಿಸಿದರು. ಮೂರನೆಯದಕ್ಕೆ ಬೆರಳು ನಿಂತಿತು.

"ಅಕ್ಕೋರೆ, ಬೈಯ್ರಿ ಬೇಕಾದ್ರ, ಆದ್ರ ಇದೊಂದು ನೋಡ್ರಿ. ಈ ಕೊಲ್ಹಾಪುರದ ಹುಡುಗಿ ಒದಿಯೂ ಮುಂಚಿ ಕಣ್ಣು ಮುಚ್ಲತ್ತಾಳ. ಕಾಲು ಇನ್ನಾ ನೆಲದ ಮ್ಯಾಲೇ ಅದ. ಪ್ರತಿ ಸಲ!"

ನೋಡಿದೆ. ನಿಜವೇ. ಎರಡನೇ ಸುತ್ತು ಶುರುವಾಗಲು ಕೆಲವೇ ಕ್ಷಣ ಉಳಿದಿತ್ತು. ಸರ್ ಇವರನ್ನು ಹತ್ತಿರ ಸೇರಿಸುವಂತಿರಲಿಲ್ಲ. ಮರಾಠಿಯಲ್ಲಿ ಹೇಳಿದರೆ ಮೃಣಾಲಿನಿಗೂ ತಿಳಿಯುತ್ತದೆ. ಕನ್ನಡದಲ್ಲಿ ಕೂಗಲು ನನ್ನ ದನಿ ಆ ಗದ್ದಲದಲ್ಲಿ ಅಲ್ಲಿಯ ತನಕ ಮುಟ್ಟದು. ಕೆಲಸ ಕೆಡಿಸಿದ ಅದೇ ಬಾಯನ್ನು ಮತ್ತೆ ನಂಬಬೇಕು. ನನಗೆ ನಿಜಕ್ಕೂ ಭಯವಾಯಿತು.

"ಕೂಗ್ರಿ," ಎಂದೆ.

ಎದ್ದು ನಿಂತು ಕೂಗಿದರು: "ಮಧುರಾ, ಈ ಕಡಿ ತಿರಗಬ್ಯಾಡ! ಅಕಿ ಕಣ್ಣ ನೋಡು! ಮುಚ್ಚಿದ್ ಕೂಡ್ಲೆ ಬಾಜೂ ಸರಿ!"

ಅವಳು ತಿರುಗಲಿಲ್ಲ. ಹೆಲ್ಮೆಟ್ಟು ಮಾತ್ರ ಒಮ್ಮೆ ಮೇಲೆ ಕೆಳಗೆ ಆಡಿತು.

ಮುಂದಿನ ಎರಡು ಸುತ್ತು ನಾನು ನೆಟ್ಟಗೆ ನೋಡಿದ್ದೇ ಇಲ್ಲ, ಸೆರಗಿನ ತುದಿ ಕಚ್ಚಿಕೊಂಡು ಕೂತಿದ್ದೆ. ಮೃಣಾಲಿನಿಯ ಒದೆಗಳು ಒಂದಾದ ಮೇಲೊಂದು ಗಾಳಿಗೆ ಬಿದ್ದವು, ಅವಳಿಗೆ ಸಿಕ್ಕಿದ್ದು ಇನ್ನು ಮೂರೇ ಅಂಕ. ಮಧುರಾ ಒಂದೊಂದೇ ಅಂಕ ಕಿತ್ತುಕೊಂಡಳು. ಕೊನೆಗೆ ಎಂಟು-ಏಳು. ಗೆದ್ದವಳು ಮೃಣಾಲಿನಿ.

ಒಂದೇ ಅಂಕ. ಒಂದು ಕೂಗಿಗೆ ಹೋದದ್ದು ಮೂರು. ಮಲ್ಲಿನಾಥರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. "ನಿಮ್ಮ ಕೂಸಿನ ಗೆಲುವು ನಾ ನುಂಗಿದೆ, ಅಕ್ಕೋರೆ." ಇರಲಿ ಬಿಡಿ ಎನ್ನುವಷ್ಟು ದೊಡ್ಡ ಮನಸ್ಸು ನನಗೆ ಆಗ ಬರಲಿಲ್ಲ.

ಮಧುರಾ ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿ ಬಂದು ನಮ್ಮಿಬ್ಬರ ನಡುವೆ ಕೂತಳು. ಮಲ್ಲಿನಾಥರು ಕೈ ಮುಗಿಯಲು ಹೋದರೆ ಆ ಕೈ ಹಿಡಿದು ಕೆಳಗಿಳಿಸಿದಳು.

"ಕಾಕಾ, ಮೊದ್ಲ ಅಕಿ ಮುಂದ ನಂದು ಶೂನ್ಯ ಇತ್ತು. ಆಜ್ ಸಾತ್! ಈಗ ನನ್ ಫೋಟೋ ದಾಖವಾ ನಾ. ನಾನೂ ಒದಿಯೂ ಮೊದ್ಲ ಏನರೆ ಮಾಡ್ತೀನಲ್ಲ?"

ಅವರು ಕಣ್ಣೊರೆಸಿಕೊಂಡು ಒಂದೊಂದೇ ತೋರಿಸಿದರು. ಹೌದು, ಒದೆಯುವ ಮೊದಲು ಇವಳ ಎಡ ಹೆಗಲು ಇಳಿಯುತ್ತಿತ್ತು. ಯಾವಾಗಲೋ ಹಿಂದೆ ಬಂದು ಬಗ್ಗಿ ನೋಡುತ್ತಿದ್ದ ರತ್ನಾಕರ ಸರ್, ಇನ್ನೊಮ್ಮೆ ತೋರಿಸಿ ಎಂದರು. ಆಮೇಲೆ ಕೆಳಗಿನ ಮೆಟ್ಟಿಲಲ್ಲಿ ಕೂತು, ಭಾನುವಾರದ ಅಭ್ಯಾಸಕ್ಕೆ ಕ್ಯಾಮೆರಾ ಹಿಡಿದು ಬರುತ್ತೀರಾ ಎಂದು ಮರಾಠಿಯಲ್ಲಿ ಕೇಳಿದರು.

ಮಲ್ಲಿನಾಥರು ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದರು: "ಬರ್ತೀನ್ರಿ. ಆದ್ರ ಬಾಯಿ ಮಾತ್ರ ತೆರಿಯಂಗಿಲ್ಲ."

"ತೆರೀಬೇಕು ಕಾಕಾ," ಎಂದಳು ಮಧುರಾ. "ನೀವು ಬರೇ ಕೂಗಿದ್ರಿ. ತಿರಗಿದ್ದು ನಾ. ಪ್ರತಿ ಭಾನುವಾರ ಕೂಗ್ರಿ, ನಾ ತಿರಗೂದು ಬಿಡೂ ತನಕಾ ಕೂಗ್ರಿ."

ಹದಿನೈದರ ಹುಡುಗಿಗಿದ್ದ ಬುದ್ಧಿ ನಲವತ್ತರ ನನಗಿರಲಿಲ್ಲ. ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಚೀಲದಿಂದ ಊಟದ ಡಬ್ಬಿ ತೆಗೆದು, ಮೊದಲ ರೊಟ್ಟಿಯನ್ನು ಮಲ್ಲಿನಾಥರ ಕೈಗೆ ಕೊಟ್ಟೆ.