ಮಗುಚಿಟ್ಟ ಬೀಟೆ ಕುರ್ಚಿ

ಶಿವಪುತ್ರಪ್ಪ ಬಡಿಗೇರನ ಅಂಗಡಿಗೆ ಕುರ್ಚಿ ಕೊಳ್ಳಲು ಬಂದವರು ನೇರವಾಗಿ ಹೋಗಿ ಅದರ ಮೇಲೆ ಕೂರುವಂತಿರಲಿಲ್ಲ. "ಕೂಡ್ರಬ್ಯಾಡ್ರಿ. ಮೊದಲ ಮಗಚಿ ಹಾಕಿ ಬುಡ ನೋಡ್ರಿ," ಎನ್ನುತ್ತಿದ್ದ. ಬಂದವರು ಡಾಕ್ಟರಿರಲಿ, ಅಡಿಕೆ ವಖಾರಿಯ ಸಾಹುಕಾರರಿರಲಿ, ಸೊಂಟ ಬಗ್ಗಿಸಲೇಬೇಕು. ಬುಡದ ಪಟ್ಟಿಯಲ್ಲಿ ಉಳಿಯಿಂದ ಕೆತ್ತಿದ ಒಂದು ಊರು, ಒಂದು ಮನೆಯ ಹೆಸರು, ಒಂದು ಇಸವಿ ಇರುತ್ತಿತ್ತು. ಕುರ್ಚಿಯ ಕಟ್ಟಿಗೆ ಯಾವ ಊರಿನ ಯಾವ ಹಳೆಯ ಮನೆಯಿಂದ ಯಾವ ವರ್ಷ ಬಂತು ಎಂಬುದಕ್ಕೆ ಅದೇ ಸಾಕ್ಷಿ. ಅದನ್ನು ಓದಿ "ಆಯ್ತು" ಎಂದ ಮೇಲೆಯೇ ವ್ಯಾಪಾರದ ಮಾತು. ಇದೇನು ತಲೆಹರಟೆ ಎಂದು ಸಿಟ್ಟಾಗಿ ಎದ್ದು ಹೋದವರೂ ಇದ್ದರು. ಹೋಗಲಿ ಬಿಡಿ ಎಂದು ಅವನು ತನ್ನ ಕೀಸುಳಿ ಹಿಡಿಯುತ್ತಿದ್ದ.

ಬನವಾಸಿ ಕಡೆಯಿಂದ ಬಂದು ಶಿರಸಿಯಲ್ಲಿ ನೆಲೆ ನಿಂತ ಈ ಮನುಷ್ಯ ಜೀವಮಾನದಲ್ಲಿ ಒಂದೇ ಒಂದು ಹಸಿ ಮರಕ್ಕೆ ಗರಗಸ ಇಟ್ಟವನಲ್ಲ. ಸುತ್ತಲಿನ ಊರುಗಳಲ್ಲಿ ಹಳೆಯ ಮನೆ ಕೆಡವಿ ತಾರಸಿ ಕಟ್ಟುವವರು ಹೆಚ್ಚಿದಾಗ, ಅವರು ಹಿತ್ತಿಲಿಗೆ ಎಸೆದ ತೊಲೆ, ಬಾಗಿಲುವಾಡ, ಕಂಬಗಳನ್ನು ಕೇಳಿ ತರುತ್ತಿದ್ದ. ನೂರು ವರ್ಷ ಒಲೆಯ ಹೊಗೆ ಕುಡಿದು ಗಟ್ಟಿಯಾದ ಬೀಟೆಯಿಂದ ಅವನು ಮಾಡಿದ ಆರಾಮ ಕುರ್ಚಿಯಲ್ಲಿ ಒಂದು ಮೊಳೆ ಹುಡುಕಿದರೂ ಸಿಗುತ್ತಿರಲಿಲ್ಲ.

ಬುಡದಲ್ಲಿ ಕೆತ್ತುವ ಪದ್ಧತಿ ಶುರುವಾದದ್ದು ತೊಂಬತ್ನಾಲ್ಕರಲ್ಲಿ, ಒಂದು ಅವಮಾನದಿಂದ. ಉಮ್ಮಚಗಿಯ ಒಂದು ಮದುವೆ ಮನೆಗೆಂದು ನಾಲ್ಕು ಕುರ್ಚಿ ಹೇರಿಕೊಂಡು ಟೆಂಪೋದಲ್ಲಿ ಹೊರಟಿದ್ದ. ದಾರಿಯಲ್ಲಿ ಅರಣ್ಯ ಇಲಾಖೆಯ ಒಂದು ತಪಾಸಣೆ ನಾಕಾ. ಬೀಟೆ ಎಂದು ಕಂಡದ್ದೇ ತಡ, ಇಳಿಸು ಎಂದರು. ಕಟ್ಟಿಗೆ ಕೊಟ್ಟ ಹಳೆಯ ಮನೆಯವರು ಬರೆದುಕೊಟ್ಟ ಚೀಟಿ ಅವನ ಅಂಗಿಯ ಕಿಸೆಯಲ್ಲೇ ಇತ್ತು. ಆದರೆ ಮಾರ್ಚ್ ತಿಂಗಳ ಬೆವರಿಗೆ ಶಾಯಿಯೆಲ್ಲ ಕದಡಿ ಒಂದಕ್ಷರವೂ ಉಳಿದಿರಲಿಲ್ಲ. "ಎಲ್ಲಾ ಬಡಿಗ್ಯಾರೂ ಹಿಂಗೇ ಹೇಳ್ತಾರ," ಎಂದನೊಬ್ಬ. ಮೂರು ದಿನ ಕುರ್ಚಿಗಳು ಅಲ್ಲೇ ಉಳಿದವು. ಆ ಮೂರೂ ದಿನ ಅವರು ಅವೇ ಕುರ್ಚಿಗಳ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಮಾಡಿದವನನ್ನು ಎದುರಿಗೆ ನಿಲ್ಲಿಸಿಕೊಂಡು ವಿಚಾರಣೆ ನಡೆಸಿದರು! ಕೊನೆಗೆ ಕಟ್ಟಿಗೆ ಕೊಟ್ಟ ಮನೆಯವರೇ ಬಂದು ಹೇಳಿದ ಮೇಲೆ ಬಿಟ್ಟರು. ತಪ್ಪಾಯಿತು ಎಂಬ ಒಂದು ಮಾತು ಯಾರ ಬಾಯಿಂದಲೂ ಬರಲಿಲ್ಲ.

ಅವತ್ತಿನಿಂದ ಅವನು ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟ. ಚೀಟಿಯಲ್ಲಿದ್ದ ಊರು, ಮನೆ, ಇಸವಿಯನ್ನು ಕುರ್ಚಿಯ ಬುಡದಲ್ಲಿ ಕೆತ್ತಿದ. ಬೆವರಿಗೆ ಕದಡದ ಜಾಗದಲ್ಲಿ ಬರೆದರೆ ಮತ್ತೆ ಯಾರೂ ತನ್ನನ್ನು ಕಳ್ಳನೆನ್ನಲಾರರು ಎಂದು ಅವನ ನಂಬಿಕೆ. ಹದಿಮೂರು ವರ್ಷ ಆ ನಂಬಿಕೆ ನಡೆಯಿತು.

ಎರಡು ಸಾವಿರದ ಏಳರಲ್ಲಿ ಅವನ ಮಗಳು ಗೀತಾ ಒಂದು ವೆಬ್‌ಸೈಟು ಮಾಡಿದಳು. ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದ ಹುಡುಗಿ. ಅಪ್ಪನ ಕುರ್ಚಿಗಳ ಫೋಟೊ ತೆಗೆದು, ಪ್ರತಿಯೊಂದರ ಬುಡವನ್ನೂ ತೋರಿಸಿ, ಅಚ್ಚುಕಟ್ಟಾಗಿ ಜೋಡಿಸಿದ್ದಳು. ಹೆಸರು ಏನಿಡಲಿ ಎಂದು ಕೇಳಿದಾಗ ಶಿವಪುತ್ರಪ್ಪ ಒಂದು ಕ್ಷಣವೂ ಯೋಚಿಸಲಿಲ್ಲ. "ಇರೋದನ್ನ ಇಡು. ಬೀಟೆಕುರ್ಚಿ." ಹಾಗೆ ಬೀಟೆಕುರ್ಚಿ ಡಾಟ್ ಕಾಮ್ ಆಯಿತು.

ಆದರೆ ಅದು ಇದೆ ಎಂದು ಜನರಿಗೆ ತಿಳಿಯಬೇಕಲ್ಲ? ಅದಕ್ಕೆ ಗೀತಾಳಿಗೆ ಹೊಳೆದದ್ದು 'ಊರಕಟ್ಟೆ'. ಈ ಸೀಮೆಯವರು ಎಲ್ಲೆಲ್ಲೋ ಇದ್ದುಕೊಂಡು ಕಂಪ್ಯೂಟರಿನಲ್ಲಿ ಹರಟುವ ಜಾಗ ಅದು. ಅಪ್ಪೆಮಿಡಿ ಉಪ್ಪಿನಕಾಯಿಯಿಂದ ಹಿಡಿದು ಯಕ್ಷಗಾನದ ಜಗಳದವರೆಗೆ ಎಲ್ಲವೂ ಅಲ್ಲಿ ನಡೆಯುತ್ತಿತ್ತು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅವಳು ನಾಲ್ಕು ಸಾಲು ಬರೆದು, ವಿಳಾಸ ಹಾಕಿ, ಕಳಿಸುವ ಗುಂಡಿ ಒತ್ತಿದಳು.

ಬರಹವೇನೋ ಮೂಡಿತು. ಬೀಟೆ ಎಂದಿದ್ದಲ್ಲೆಲ್ಲ ನಕ್ಷತ್ರಗಳ ಸಾಲು ಕೂತಿತ್ತು. ವಿಳಾಸದ ಅರ್ಧವನ್ನೂ ನಕ್ಷತ್ರಗಳು ನುಂಗಿದ್ದವು. ಒತ್ತಿದರೆ ಎಲ್ಲಿಗೂ ಹೋಗುತ್ತಿರಲಿಲ್ಲ.

"ಏನವ್ವಾ ಇದು ಚುಕ್ಕಿ?"

ಗೀತಾ ಹೇಳಲೋ ಬೇಡವೋ ಎಂದು ತಡವರಿಸಿದಳು. "ಅಪ್ಪಾ, ಇಲ್ಲಿ ಯಾರರ ಹೊಲಸ ಬೈದ್ರ ಆ ಶಬ್ದದ ಮ್ಯಾಲೆ ತಾನ ಚುಕ್ಕಿ ಬೀಳ್ತಾವ. ನಮ್ಮ ಶಬ್ದಾನೂ ಆ ಪಟ್ಟಿಯೊಳಗ ಸೇರ್ಸ್ಯಾರ ಕಾಣ್ತದ."

ಶಿವಪುತ್ರಪ್ಪನ ಮೈ ಉರಿದುಹೋಯಿತು. ಕುಡಿದವರು ಬೀದಿಯಲ್ಲಿ ಆಡುವ ಮಾತಿನ ಸಾಲಿಗೆ ತನ್ನ ಬೀಟೆಯೇ? ಪಕ್ಕದಲ್ಲೇ ಯಾರೋ ಪ್ಲಾಸ್ಟಿಕ್ ಕುರ್ಚಿಯ ಜಾಹೀರಾತು ಹಾಕಿದ್ದ. ಅದಕ್ಕೆ ಒಂದು ಚುಕ್ಕೆಯೂ ಇಲ್ಲ, ಆರಾಮಾಗಿ ನಿಂತಿತ್ತು. "ಯಾರದು ಈ ಕಟ್ಟಿ? ಫೋನ್ ಹಚ್ಚು," ಎಂದ.

ಕಟ್ಟೆ ನೋಡಿಕೊಳ್ಳುತ್ತಿದ್ದವನು ಕಿಶೋರ ಹೆಗಡೆ ಎಂಬ ಹುಬ್ಬಳ್ಳಿಯ ಕಾಲೇಜು ಮೇಷ್ಟ್ರು. ಮಾತಿನಲ್ಲಿ ಬಹಳ ನಯ. ಹಿಂದೆ ಯಾರೋ ಕಾಡಿನಿಂದ ಕದ್ದ ಮರದ ನಾಟಾ ಇಲ್ಲೇ ಮಾರಲು ನೋಡಿದ್ದರಂತೆ. ಅದಕ್ಕೇ ಸಾಗವಾನಿ, ಬೀಟೆ, ಗಂಧ, ಮೂರನ್ನೂ ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಪಟ್ಟಿಗೆ ಸೇರಿಸಿದ್ದನಂತೆ.

"ನಿಮ್ಮನ್ನ ಕಳ್ಳ ಅಂತ ಯಾರೂ ಹೇಳ್ಲಿಲ್ಲ ಮಾರಾಯ್ರೆ," ಎಂದ ಕಿಶೋರ. "ಅದು ಯಂತ್ರ. ಅದಕ್ಕೆ ಯಾರು ಎಂತದು ಅಂತ ಗೊತ್ತಾಗ್ತದಾ?"

"ಯಂತ್ರಕ್ಕ ಆ ಶಬ್ದ ಕಲಿಸಿದವ್ರು ಯಾರ್ರಿ?"

"ನಾನೇ," ಎಂದ ಕಿಶೋರ.

"ಯಾವೂರಾತ್ರಿ ನಿಮ್ದು?"

"ಹೇರೂರು. ಮೇಲಿನಕೇರಿ ಮನೆ."

ಶಿವಪುತ್ರಪ್ಪ ಫೋನು ಇಟ್ಟುಬಿಟ್ಟ.

ಗೀತಾ ಸಮಾಧಾನ ಮಾಡಲು ನೋಡಿದಳು. ಅಕ್ಷರಗಳ ನಡುವೆ ಗೆರೆ ಹಾಕಿ ಬರೆದರೆ ಯಂತ್ರಕ್ಕೆ ಗೊತ್ತಾಗುವುದಿಲ್ಲ, ಇಲ್ಲವೇ ಹೆಸರನ್ನೇ ಬದಲಿಸಿ ಮರದಕುರ್ಚಿ ಎಂದಿಡಬಹುದು ಎಂದಳು. ಅವನು ಮಗಳನ್ನು ದುರುಗುಟ್ಟಿ ನೋಡಿದ. "ಮುಸುಕ ಹಾಕ್ಕೊಂಡು ಹಿತ್ತಲ ಬಾಗಲದಿಂದ ಹೋಗಂತೀಯೇನು? ಕಳ್ಳರು ಹಂಗ ಹೋಗ್ತಾರ. ನಾ ಹೋಗಾಂವಲ್ಲ."

ಎದ್ದು ಹೋಗಿ ಟ್ರಂಕು ತೆಗೆದ. ಚೀಟಿಗಳನ್ನು ಒಂದೊಂದಾಗಿ ತಿರುವಿ ಹಾಕಿ, ಬೇಕಾದದ್ದು ಸಿಕ್ಕಾಗ ಮಡಿಲಲ್ಲಿಟ್ಟುಕೊಂಡು ಎರಡು ಸಲ ಓದಿದ. ಆಮೇಲೆ ಅಂಗಡಿಯ ಮೂಲೆಯಲ್ಲಿದ್ದ ಒಂದು ಕುರ್ಚಿ ಎಳೆದು ಮಗುಚಿ ಹಾಕಿದ. ಅದರ ಬುಡದಲ್ಲಿ 'ಹೇರೂರು, ಮೇಲಿನಕೇರಿ, ೧೯೯೯' ಎಂದು ಮೊದಲೇ ಇತ್ತು. ಉಳಿ, ಕೊಡತಿ ತೆಗೆದುಕೊಂಡು ಅದರ ಕೆಳಗೆ ವೆಬ್‌ಸೈಟಿನ ವಿಳಾಸವನ್ನು ಇಡಿಯಾಗಿ, ಒಂದಕ್ಷರವೂ ಬಿಡದೆ ಕೆತ್ತಿದ. ಇಂಗ್ಲಿಷ್ ಅಕ್ಷರ ಅವನಿಗೆ ಬಾರದು. ಗೀತಾ ಸೀಸದ ಕಡ್ಡಿಯಲ್ಲಿ ಬರೆದುಕೊಟ್ಟದ್ದರ ಮೇಲೆ ಉಳಿ ನಡೆಸಿದ. ಅಷ್ಟು ಸಿಟ್ಟಿನಲ್ಲೂ ಕೈ ಒಂದು ಕೂದಲೆಳೆಯಷ್ಟೂ ಜಾರಲಿಲ್ಲ.

"ಫೋಟೊ ತಗಿ. ಈ ಚೀಟಿನೂ ಬಾಜೂಕ ಇಟ್ಟು ತಗಿ," ಎಂದ.

ಗೀತಾ ಚೀಟಿ ನೋಡಿದವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಒಂದು ಪದವನ್ನೂ ಬರೆಯದೆ ಆ ಚಿತ್ರವನ್ನಷ್ಟೇ ಕಟ್ಟೆಗೆ ಏರಿಸಿದಳು. ಯಂತ್ರ ಪದಗಳನ್ನು ಹುಡುಕಿ ಹೊಡೆಯುತ್ತಿತ್ತು. ಕಟ್ಟಿಗೆಯಲ್ಲಿ ಕೆತ್ತಿದ್ದನ್ನು ಓದಲು ಅದಕ್ಕೆ ಬರುತ್ತಿರಲಿಲ್ಲ. ವಿಳಾಸ ಹಾಗೇ ಉಳಿಯಿತು, ಬೀಟೆಯೂ ಉಳಿಯಿತು.

ಸಂಜೆಯೊಳಗೆ ಕಟ್ಟೆ ಗಿಜಿಗುಟ್ಟತೊಡಗಿತು. ಹೆಗಡೆಕಟ್ಟಾದ ಸೀತಮ್ಮ ಎಂಬವರು ತಮ್ಮ ಹವ್ಯಕ ಮಾತಿನಲ್ಲೇ ಬರೆದರು: "ಎಮ್ಮನೆ ಕುರ್ಚಿ ಬುಡದಲ್ಲೂ ಹೀಂಗೇ ಬರದ್ದ. ಆನು ಈಗಷ್ಟೇ ಮಗುಚಿ ನೋಡ್ದಿ." ಅದರ ಬೆನ್ನಿಗೆ ಯಲ್ಲಾಪುರದವರೊಬ್ಬರು, ಸಿದ್ದಾಪುರದವರೊಬ್ಬರು ತಮ್ಮ ತಮ್ಮ ಕುರ್ಚಿಯ ಬುಡದ ಫೋಟೊ ಹಾಕಿದರು.

ಮಾರನೇ ದಿನ ಬೆಳಿಗ್ಗೆ ಕಿಶೋರನ ಫೋನು ಬಂತು. ನಯವೆಲ್ಲ ಎಲ್ಲಿಗೋ ಹೋಗಿತ್ತು.

"ಆ ಚೀಟಿ..."

"ಹೌದ್ರಿ. 'ನಮ್ಮ ಹಳೇ ಮನೆಯ ಬೀಟೆ ತೊಲೆ ಆರು, ಬೀಟೆ ಕಂಬ ಎರಡು, ಶಿವಪುತ್ರಪ್ಪ ಬಡಿಗೇರರಿಗೆ ಕೊಟ್ಟಿದ್ದೇವೆ.' ಸಹಿ ನಿಮ್ಮ ತಂದಿಯವರದು. ಕೆಳಗ ಬರೆದವರು ಅಂತ ಯಾರ ಹೆಸರೈತಿ, ನೀವ ಓದ್ರಿ."

ಕಿಶೋರ ಓದಲಿಲ್ಲ. ಓದುವ ಅಗತ್ಯವೂ ಇರಲಿಲ್ಲ. ಎಂಟು ವರ್ಷದ ಹಿಂದೆ ಜಗುಲಿಯಲ್ಲಿ ಕೂತು, ಅಪ್ಪ ಹೇಳಿದಂತೆ ಬೀಟೆ ಎಂಬ ಪದವನ್ನು ತನ್ನ ಕೈಯಾರೆ ಎರಡು ಸಲ ಬರೆದವನು ಅವನೇ.

"ನಿಮ್ಮನಿ ತೊಲಿ ಕದ್ದ ಕಟ್ಟಿಗೀನ್ರಿ?" ಶಿವಪುತ್ರಪ್ಪ ಕೇಳಿದ. "ಅಲ್ಲಂದ್ರ ನನ್ನ ಕುರ್ಚಿ ಹೆಂಗ ಕದ್ದದ್ದಾತು?"

"ತಪ್ಪಾಯ್ತು," ಎಂದ ಕಿಶೋರ. "ನಿಮ್ಮ ಬರಹಕ್ಕೆ ಇನ್ಮೇಲೆ ಚುಕ್ಕೆ ಬೀಳದ ಹಾಗೆ ಮಾಡಿದ್ದೇನೆ. ನಿಮಗೊಬ್ಬರಿಗೆ ಮಾತ್ರ."

ಹದಿಮೂರು ವರ್ಷದ ಹಿಂದೆ ನಾಕಾದಲ್ಲಿ ಸಿಗದೇ ಹೋದ ಮಾತು ಸಿಕ್ಕಿತ್ತು. ಇನ್ನೊಬ್ಬನಾಗಿದ್ದರೆ ಅಲ್ಲಿಗೆ ತಣ್ಣಗಾಗುತ್ತಿದ್ದ. ಇವನ ಪಿತ್ತ ಮತ್ತೆ ನೆತ್ತಿಗೇರಿತು. "ನನಗೊಬ್ಬಗ ಯಾಕ್ರಿ? ಉಳಿದ ಬಡಿಗ್ಯಾರೆಲ್ಲ ಕಳ್ಳರೇನು? ತಗದ್ರ ಎಲ್ಲಾರದೂ ತಗೀರಿ."

ಕಿಶೋರ ನೋಡೋಣ ಎಂದ. ಆಮೇಲೆ ತಗ್ಗಿದ ಸ್ವರದಲ್ಲಿ, ಆ ಕುರ್ಚಿಯನ್ನು ತಾನೇ ಕೊಳ್ಳಬಹುದೇ ಎಂದು ಕೇಳಿದ. ಅಪ್ಪ ತೀರಿಕೊಂಡಿದ್ದಾರೆ, ಆ ಮನೆಯದೆಂದು ಹೇಳಿಕೊಳ್ಳಲು ತನ್ನಲ್ಲಿ ಒಂದು ಗೂಟವೂ ಉಳಿದಿಲ್ಲ ಎಂದ.

ಶಿವಪುತ್ರಪ್ಪ ಮಗುಚಿಟ್ಟ ಕುರ್ಚಿಯ ಕಡೆ ನೋಡಿದ. "ಕೊಡತೀನ್ರಿ," ಎಂದ. "ಪಟ್ಟಿಯಿಂದ ಆ ಶಬ್ದ ತಗದ ದಿನಾ ಬರ್ರಿ. ಅಲ್ಲೀತನಕಾ ಅದು ಮಗಚೇ ಇರ್ತದ."

ಆ ಪದ ಪಟ್ಟಿಯಿಂದ ಹೋಗಲಿಲ್ಲ. ಕಾನೂನು, ಜವಾಬ್ದಾರಿ ಎಂದು ಕಟ್ಟೆಯವರು ತಿಂಗಳುಗಟ್ಟಲೆ ಚರ್ಚೆ ಮಾಡಿದರು. ವೆಬ್‌ಸೈಟು ನೋಡಿ ಶಿರಸಿಯವರೆಗೆ ಬಂದವರು ಅಂಗಡಿಯ ಬಾಗಿಲಲ್ಲೇ ಕಾಲು ಮೇಲೆ ಮಾಡಿ ನಿಂತ ಆ ಕುರ್ಚಿಯನ್ನು ಕಂಡು, ಇದಕ್ಕೆಷ್ಟು ಎಂದು ಕೇಳುತ್ತಿದ್ದರು. "ಅದು ಹೇರೂರಿನ ಹೆಗಡೇರದು," ಎನ್ನುತ್ತಿದ್ದ ಶಿವಪುತ್ರಪ್ಪ, ದಿನಕ್ಕೊಮ್ಮೆ ಅದರ ಧೂಳು ಒರೆಸುತ್ತ. "ಅವ್ರು ಇನ್ನೂ ಬಂದಿಲ್ಲ."