ಗುರುಕಾರಣರ ಪಾಲಿನ ಸ್ಕಾಚ್

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನನ್ನವರು ಚೆಟ್ಟಳ್ಳಿ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದರು. ತೋಟ ಮಾರಿ ಊರಿಗೆ ಹೊರಟ ಬಿಳಿ ದೊರೆ ಇವರ ಕೈಗೊಂದು ಸ್ಕಾಚ್ ಬಾಟಲಿ ಕೊಟ್ಟು ಹೋದರು. ಬೆರಕೆಯಿಲ್ಲದ, ಬರೀ ಬಾರ್ಲಿಯ ವಿಸ್ಕಿಯಂತೆ. ಒಂದೇ ಪೀಪಾಯಿಯಿಂದ ತುಂಬಿಸಿದ ಕೆಲವೇ ಬಾಟಲಿಗಳಲ್ಲಿ ಅದೂ ಒಂದು, ಇನ್ನು ಅಂಥದ್ದು ಬರುವುದಿಲ್ಲವಂತೆ. ಇವರು ಅದನ್ನು ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಮಗಳ ಮದುವೆಗೆ ತೆಗೆಯುವುದಂತೆ. ಮಗಳಿನ್ನೂ ತೊಟ್ಟಿಲಲ್ಲಿದ್ದಳು.

ಆ ವರ್ಷ ಮಾವನವರಿಗೆ ಜ್ವರ ಬಂತು. ಜ್ವರ ಬಿಟ್ಟರೂ ಬಾಯಿರುಚಿ ಬರಲಿಲ್ಲ. ಗಂಜಿ ಕೊಟ್ಟರೆ, "ಮಣ್ಣು ತಿಂದ ಹಾಂಗೆ ಉಟ್ಟು ಕೂಸೇ, ತಕ್ಕೊಂಡು ಹೋಗ್" ಎನ್ನುವರು. ಹೀಗೇ ಆದರೆ ಮುದುಕರು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ನಾನು ಕಕ್ಕಬೆಯ ಇಗ್ಗುತ್ತಪ್ಪನಿಗೆ ಹರಕೆ ಹೊತ್ತೆ.

ಅಷ್ಟರಲ್ಲಿ ಗುರುಕಾರಣರಿಗೆ ಬಡಿಸುವ ದಿನ ಬಂತು. ತೀರಿಹೋದ ಹಿರಿಯರಿಗೆ ಒಳಕೋಣೆಯಲ್ಲಿ ಎಲೆ ಹಾಕಿ, ಮಾಂಸ, ಮದ್ಯ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕಾಯುತ್ತೇವೆ. ಆಮೇಲೆ ಅದೇ ನಮಗೆ ಪ್ರಸಾದ. ಮಾವನವರಾದರೂ ಬೇಡ ಎನ್ನುವ ಹಾಗಿಲ್ಲ. ನನಗೆ ಬೇಕಾದದ್ದೂ ಅದೇ.

"ಈ ಸಲ ಆ ಸ್ಕಾಚ್ ಇಡುವ" ಎಂದೆ ಇವರಿಗೆ.

"ತಲೆ ಸರಿ ಉಟ್ಟಾ ನಿಂಗೆ? ನಮ್ಮಜ್ಜಂದಿರಿಗೆ ಸ್ಕಾಚ್ ಗೊತ್ತುಟ್ಟಾ?"

"ಹೊಸ ಅಕ್ಕಿ ಬಂದ್ರೆ ಮೊದಲು ಅವ್ರಿಗೆ. ಇದನ್ನ ಮಾತ್ರ ಬಚ್ಚಿಟ್ರೆ ಅವ್ರು ಸುಮ್ನೆ ಇರ್ತಾರಾ?"

ಇವರು ಗೊಣಗುತ್ತಲೇ ಬಿರಡೆ ತೆಗೆದರು.

ಬಾಗಿಲು ತೆರೆದ ಮೇಲೆ ಬಾಳೆಯ ದೊನ್ನೆಯನ್ನು ಮಾವನವರ ಬಳಿಗೆ ಒಯ್ದೆ. ಮೊದಲು ಮುಖ ತಿರುಗಿಸಿದರು. ಯಾರ ಪಾಲೆಂದು ನೆನಪಾಗಿ, ಹಣೆಗೊತ್ತಿಕೊಂಡು ಒಂದು ಗುಟುಕು ಕುಡಿದರು. ಬಾಯಲ್ಲೇ ಇಟ್ಟುಕೊಂಡರು. ನುಂಗಿದರು.

"ಇದೆಂತ? ಒಲೆ ಮೇಲೆ ಒಣಗಿಸಿದ ಹಂದಿಮಾಂಸದ ಹೊಗೆ ವಾಸನೆ ಉಟ್ಟಲ್ಲಾ!"

ಎಷ್ಟೋ ವಾರಗಳ ಮೇಲೆ ಅವರ ನಾಲಿಗೆಗೆ ಮಣ್ಣಲ್ಲದ್ದು ಸಿಕ್ಕಿತ್ತು. ನಾನೂ ಬೆರಳದ್ದಿ ಪ್ರಸಾದ ತೆಗೆದುಕೊಂಡೆ. ಗಂಟಲು ಉರಿಯಿತು. ಉರಿ ಇಳಿದ ಮೇಲೆ ಹಳೆಯ ಜೇನಿನ ಸಿಹಿ. ದೇವರ ಸೃಷ್ಟಿಯಲ್ಲಿ ಬಾರ್ಲಿಗೂ ಎಂಥ ಯೋಗ!

"ಇನ್ನೊಂಚೂರು ಹುಯ್ಯಿ" ಎಂದರು ಮಾವ.

"ಮಗಳ ಮದುವೆಗೆ ಇಟ್ಟದ್ದು, ಅಪ್ಪಾ" ಎಂದರು ಇವರು.

"ಮದುವೆಗೆ ನಾನೂ ಇರೊಕು ಅಲ್ಲನಾ? ಕೂಸೇ, ಇದರೊಟ್ಟಿಗೆ ತಿನ್ನಕೆ ಎಂತ ಉಟ್ಟು?"

ನಾನು ಒಳಗೆ ಓಡಿದೆ. ಮಾವ ಅಕ್ಕಿರೊಟ್ಟಿಯನ್ನು ಕೋಳಿಸಾರಿನಲ್ಲಿ ಅದ್ದಿ ಅದ್ದಿ ತಿಂದರು. ಎಲೆ ಎತ್ತಲು ಹೋದಾಗ ಅದರಲ್ಲಿ ಮೂಳೆ ಬಿಟ್ಟು ಏನೂ ಇರಲಿಲ್ಲ.