ಕೈ ನೋಡುತ್ತಿದ್ದ ಶಿವನಾಗಮ್ಮ ಸಿಸ್ಟರ್

ಶಿವನಾಗಮ್ಮ ಸಿಸ್ಟರ್ ಮನುಷ್ಯರನ್ನು ಕೈಯಿಂದ ಗುರುತಿಟ್ಟುಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತವರ ಮುಂಗೈಗಳ ಮೇಲೆ ಅವರ ಕಣ್ಣು ಓಡುತ್ತಲೇ ಇರುತ್ತಿತ್ತು. ಒಮ್ಮೆ ಟಿಕೆಟ್ ಕೊಡಲು ಬಂದ ಕಂಡಕ್ಟರನ ಕೈಯನ್ನು ಎಷ್ಟು ಹೊತ್ತು ನೋಡಿದರೆಂದರೆ, ಅವನು ಮುಜುಗರಪಟ್ಟು ಅಂಗಿಯ ತೋಳನ್ನು ಕೆಳಕ್ಕೆಳೆದುಕೊಂಡ. ಅವನು ಮುಂದೆ ಹೋದ ಮೇಲೆ ನನ್ನ ಕಿವಿಯ ಹತ್ತಿರ ಬಾಗಿ, "ನರ ನೋಡ್ದೇನೇ ಮಂಜಿ? ಬಳ್ಳಿ ಇದ್ದಂಗವೆ. ಇಂಥ ಕೈಯೋರು ಆಸ್ಪತ್ರೆಗೆ ಬರೋದೇ ಇಲ್ಲ, ನೋಡು. ನಮ್ತಾವ್ ಬರೋವೆಲ್ಲ ಒಣಗಿದ್ ಕಡ್ಡಿಗಳೇ" ಎಂದಿದ್ದರು.

ನಾನು ನರ್ಸಿಂಗ್ ಮುಗಿಸಿ ನಂಜನಗೂಡಿನ ಒಂದು ನರ್ಸಿಂಗ್ ಹೋಮಿಗೆ ಸೇರಿದಾಗ ಅವರು ಅಲ್ಲಿ ವಾರ್ಡಿನ ಹಿರಿಯ ಸಿಸ್ಟರ್. ಬಿಳಿಗೆರೆಯ ಹೆಣ್ಣುಮಗಳು. ಹಣೆಯಲ್ಲಿ ತೆಳ್ಳಗೆ ವಿಭೂತಿ, ಕೊರಳಲ್ಲಿ ದಾರಕ್ಕೆ ಕಟ್ಟಿಕೊಂಡ ಕನ್ನಡಕ, ದೊಡ್ಡ ಗಂಟಲು. ನಾನು ದಿನವೂ ಟಿ. ನರಸೀಪುರದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ತಡವಾದರೆ ಬೈಯುತ್ತಿರಲಿಲ್ಲ, ತಮ್ಮ ಡಬ್ಬಿಯಿಂದ ಎರಡು ಇಡ್ಲಿ ತೆಗೆದು ಮುಂದಿಡುತ್ತಿದ್ದರು. "ತಿಂದು ಬಾ. ಅಸ್ದಿರೋ ಕೈ ನಡುಗ್ತದೆ" ಎನ್ನುತ್ತಿದ್ದರು.

ಕಾಲೇಜಿನಲ್ಲಿ ನಾನು ಕಲಿತದ್ದು ರಬ್ಬರಿನ ಬೊಂಬೆಯ ಕೈ ಮೇಲೆ. ಮೊದಲ ವಾರದಲ್ಲೇ ನನ್ನ ಸಂಕಟ ನೋಡಿ ಸಿಸ್ಟರ್ ಒಂದು ಮಧ್ಯಾಹ್ನ ಡ್ಯೂಟಿ ರೂಮಿನ ಬಾಗಿಲು ಹಾಕಿ, ಎಡತೋಳಿನ ಬಟ್ಟೆ ಮೇಲಕ್ಕೆ ಮಡಚಿ ಕೈಯನ್ನು ಮೇಜಿನ ಮೇಲಿಟ್ಟರು. "ಚುಚ್ಚು" ಎಂದರು. ನಾನು ಬೇಡವೆಂದೆ. "ಬಡವರ ಕೈ ಮ್ಯಾಲೆ ಕಲೀಬೇಡ ಕಣೇ. ನನ್ ಕೈ ಮ್ಯಾಲೆ ಕಲಿ." ನನ್ನ ಮೊದಲ ಸೂಜಿ ನರದ ಗೋಡೆ ದಾಟಿ ಆಚೆ ಹೋಯಿತು. ಅವರು ಮುಖ ಸಿಂಡರಿಸಲಿಲ್ಲ. ಸಲೈನ್ ತುಂಬಿದ ಸಿರಿಂಜನ್ನು ನನ್ನ ಕೈಗೆ ಕೊಟ್ಟು, "ಈಗ ಚೂರು ಬಿಡು" ಎಂದರು. ಬಿಟ್ಟೆ. ಚರ್ಮ ಸಣ್ಣ ಗುಳ್ಳೆಯಂತೆ ಉಬ್ಬಿತು. ನನ್ನ ಬೆರಳನ್ನು ಹಿಡಿದು ಅದರ ಮೇಲಿಟ್ಟರು. "ಮುಟ್ಟಿ ನೋಡು. ಬಿಗಿ ಐತೆ, ತಣ್ಣಗೈತೆ. ಔಷ್ದಿ ನರದೊಳಗೆ ಓಗ್ತಿಲ್ಲ, ಮಾಂಸಕ್ಕೆ ಓಗ್ತಾ ಐತೆ ಅಂತ ಅರ್ಥ. ಇವತ್ತು ಬರೀ ಉಪ್ಪುನೀರು, ಇಳಿದೋಯ್ತದೆ. ಕೆಲವು ಔಷ್ದಿ ಅಂಗಲ್ಲ, ಮಾಂಸಾನೇ ಸುಟ್ಟಾಕ್ಬುಡ್ತವೆ. ಈ ತಣ್ಣಗಿರೋದ್ನ ಸಾಯೋಗಂಟ ನೆಪ್ಪಲ್ಲಿಟ್ಕೊ." ಅವರ ಕೈ ಮೇಲೆ ನೀಲಿ ಕಲೆ ಒಂದು ವಾರ ಇತ್ತು. ಕೇಳಿದವರಿಗೆಲ್ಲ, "ನಮ್ ಮಂಜಿ ಪರೀಕ್ಷೆ ಬರ್ದವ್ಳೆ" ಎಂದು ತೋರಿಸಿ ನಗುತ್ತಿದ್ದರು.

ನರ ಕಾಣದಿದ್ದರೆ ಕೈ ಮೇಲೆ ಪಟಪಟ ಹೊಡೆಯುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬಿಸಿನೀರಲ್ಲಿ ಹಿಂಡಿದ ಬಟ್ಟೆ ಸುತ್ತಿ, ಕೈಯನ್ನು ಮಂಚದಿಂದ ಕೆಳಗೆ ಜೋತುಬಿಡಿಸಿ, ಪಕ್ಕದಲ್ಲಿ ಕೂತು ಹಸು, ಬಾಳೆ, ಸೊಸೆ ಎಂದು ಮಾತಿಗಿಳಿಯುತ್ತಿದ್ದರು. ಮಾತಿನ ನಡುವೆ ನರ ತಾನಾಗಿ ಏಳುತ್ತಿತ್ತು. ಮಡಚುವ ಕಡೆ ಸೂಜಿ ಹಾಕಬಾರದು, ಒಮ್ಮೆ ಚುಚ್ಚಿ ನರ ಒಡೆದ ಜಾಗದ ಕೆಳಗೆ ಮತ್ತೆ ಚುಚ್ಚಬಾರದು, ಸೂಜಿಯ ಸುತ್ತ ಪ್ಲಾಸ್ಟರನ್ನು ಕಣ್ಣಿಗೆ ಕಾಣದ ಹಾಗೆ ಸುತ್ತಬಾರದು. ಮಂಚದ ಹತ್ತಿರ ಹಾದುಹೋದಾಗೆಲ್ಲ ಆ ಜಾಗವನ್ನು ನೋಡಿಯೇ ಹೋಗಬೇಕು.

ಹೆಸರಿನ ವಿಷಯದಲ್ಲಂತೂ ಅವರದು ಕಟ್ಟುನಿಟ್ಟು. ಒಂದು ದಿನ ನಾನು ಔಷಧದ ಟ್ರೇ ಹಿಡಿದು ಬಾಗಿಲಲ್ಲಿ ನಿಂತು, "ನಂಜಮ್ಮ ಯಾರು?" ಎಂದು ಕೂಗಿದೆ. ನಾಲ್ಕಾರು ಜನ ಒಟ್ಟಿಗೆ ತಲೆಯೆತ್ತಿದರು. ಸಿಸ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. "ಈ ಊರಲ್ಲಿ ನಂಜಮ್ಮ ಅಂತ ಕೂಗುದ್ರೆ ಅರ್ಧ ವಾರ್ಡು ಎದ್ ಕೂತ್ಕತದೆ. ನಿಮ್ ಎಸ್ರೇನು ಅಂತ ಕೇಳು, ಅವ್ರ ಬಾಯಲ್ಲೇ ಬರ್ಲಿ. ಯಜಮಾನ್ರ ಎಸ್ರು ಕೇಳು, ಊರು ಕೇಳು. ಆಮೇಲೆ ಸಿರಿಂಜ್ ಮುಟ್ಟು."

ಎಲ್ಲಕ್ಕಿಂತ ಮೇಲೆ ಅವರಿಗೊಂದು ಮಾತಿತ್ತು. ಔಷಧ ಬಿಡುವಾಗ ರೋಗಿ ಉರಿಯುತ್ತದೆ ಎಂದರೆ ನಿಲ್ಲಿಸಬೇಕು. ಡಾಕ್ಟರ್ ನಿಂತಿರಲಿ, ಮಂತ್ರಿ ನಿಂತಿರಲಿ, ನಿಲ್ಲಿಸಬೇಕು. "ನಮ್ ಕಣ್ಣಿಗೆ ಕಾಣೋಕ್ ಮುಂಚೆ ಅವ್ರಿಗೆ ಗೊತ್ತಾಯ್ತದೆ. ಕೈ ಅವ್ರದು."

ಹೆಮ್ಮರಗಾಲದ ಚಿಕ್ಕತಾಯಮ್ಮ ನಮ್ಮಲ್ಲಿಗೆ ಬಂದದ್ದು ಒಂದು ಬೆಳಿಗ್ಗೆ. ಕೆಲವು ವಾರ ಮುಂಚೆ ಮೈಸೂರಿನಲ್ಲಿ ಥೈರಾಯ್ಡ್ ಆಪರೇಷನ್ ಆಗಿತ್ತು. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಬೆರಳುಗಳು ಸೆಟೆದುಕೊಳ್ಳುತ್ತಿದ್ದವು. ಮನೆಯಲ್ಲಿ ರೇಷ್ಮೆ ಸಾಕಣೆ, ಹುಳುಗಳಿಗೆ ಸೊಪ್ಪು ಕೊಯ್ಯುವ ಕೈ ಅವರದು. ನರಕ್ಕೆ ಕ್ಯಾಲ್ಸಿಯಂ ಕೊಡಿ ಎಂದು ಡಾಕ್ಟರ್ ಹೇಳಿ ಹೋದರು. ಬಲಗೈಯ ಹಿಂಬದಿಯಲ್ಲಿ ಆಗಲೇ ಒಂದು ಸೂಜಿ ಇತ್ತು, ಬೆಳಗಿನ ಜಾವ ಬಂದಾಗ ಯಾರೋ ಹಾಕಿದ್ದು. ಸಿಸ್ಟರ್ ಸಿರಿಂಜ್ ಹಿಡಿದು ಕೂತರು. ನಾನು ಟ್ರೇ ಹಿಡಿದು ಪಕ್ಕದಲ್ಲಿ ನಿಂತೆ.

ಕ್ಯಾಲ್ಸಿಯಮ್ಮನ್ನು ಬಹಳ ನಿಧಾನವಾಗಿ ಬಿಡಬೇಕು. ಮೊದಲು ಸಲೈನ್ ಬಿಟ್ಟು ಸೂಜಿ ಸರಿಯಾಗಿ ಕೂತಿದೆಯೇ ಎಂದು ನೋಡಬೇಕು. ಅಂದು ಮೇಲಿನ ಮಹಡಿಯಲ್ಲಿ ನರ್ಸಿಂಗ್ ಹೋಮಿನ ಯಜಮಾನ ಡಾಕ್ಟರ ತಾಯಿ ಅಡ್ಮಿಟ್ ಆಗಿದ್ದರು. ಅವರ ರೂಮಿನ ಬೆಲ್ ಹೊಡೆಯುತ್ತಲೇ ಇತ್ತು. ಆಯಾ ಬಂದು, "ಅಜ್ಜಿ ಸಿಸ್ಟರನ್ನೇ ಕೇಳ್ತಾವ್ರೆ" ಎಂದಳು. ಸಿಸ್ಟರ್ ಸಲೈನ್ ಬಿಡಲಿಲ್ಲ. ನೇರವಾಗಿ ಔಷಧ ಬಿಡತೊಡಗಿದರು.

ಚಿಕ್ಕತಾಯಮ್ಮ, "ಉರಿತದೆ ಕಣವ್ವ" ಎಂದರು.

ನಾನು, "ಸಿಸ್ಟರ್, ಉರಿಯುತ್ತಂತೆ" ಎಂದೆ.

"ಕ್ಯಾಲ್ಸಿಯಂ ಅಂಗೇ ಕಣೇ, ಮೈ ಬಿಸಿ ಆಯ್ತದೆ" ಎಂದರು. ಹೆಬ್ಬೆರಳು ಒತ್ತುತ್ತಲೇ ಇತ್ತು. ಚಿಕ್ಕತಾಯಮ್ಮ ಕೈ ಎಳೆದುಕೊಳ್ಳಲು ನೋಡಿದರು. ಸಿಸ್ಟರ್ ಅದನ್ನು ಬಿಗಿಯಾಗಿ ಹಿಡಿದು ಸಿರಿಂಜ್ ಖಾಲಿ ಮಾಡಿ, ನನ್ನ ಟ್ರೇಯಲ್ಲಿಟ್ಟು, ಮೆಟ್ಟಿಲು ಹತ್ತಿದರು. ನಾನು ಆ ಕೈ ಮುಟ್ಟಿದೆ. ಬಿಗಿಯಾಗಿತ್ತು, ತಣ್ಣಗಿತ್ತು. ಓಡಿಹೋಗಿ ಮೇಲಿನಿಂದ ಅವರನ್ನು ಕರೆತಂದೆ. ಅವರು ನೋಡಿದರು, ಅವರ ಮುಖ ಬಿಳಚಿಕೊಂಡಿತು. ಸೂಜಿ ತೆಗೆದು, ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟು, "ನೀನೇನೂ ಮಾತಾಡ್ಬೇಡ. ಡಾಕ್ಟ್ರಿಗೆ ನಾನೇ ಏಳ್ತೀನಿ" ಎಂದರು. ಅವರು ಹೇಳುತ್ತೇನೆಂದ ಮೇಲೆ ಹೇಳುತ್ತಾರೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ.

ಅವರು ಹೇಳಲಿಲ್ಲ. ಮರುದಿನ ಚಿಕ್ಕತಾಯಮ್ಮನನ್ನು ಮನೆಗೆ ಕಳಿಸಿದರು. ಊರಿಗೆ ಹೋದ ಮೇಲೆ ಚರ್ಮ ಬೊಬ್ಬೆಯೆದ್ದು ಕಪ್ಪಾಯಿತು. ಮೈಸೂರಿನ ದೊಡ್ಡ ಆಸ್ಪತ್ರೆಯಲ್ಲಿ ಸತ್ತ ಮಾಂಸ ಕೆರೆದು ತೆಗೆದು, ತೊಡೆಯ ಚರ್ಮ ತಂದು ಹಚ್ಚಿದರು. ಎರಡು ಬೆರಳು ಮತ್ತೆ ಮಡಚಲೇ ಇಲ್ಲ.

ಅವರ ಗಂಡ, ಊರಿನ ಇಬ್ಬರನ್ನು ಕರೆದುಕೊಂಡು ನರ್ಸಿಂಗ್ ಹೋಮಿಗೆ ಬಂದ ದಿನ ನಮ್ಮನ್ನು ಯಜಮಾನ ಡಾಕ್ಟರ ಕೋಣೆಗೆ ಕರೆದರು. ಇಂಜಕ್ಷನ್ ಕೊಟ್ಟದ್ದು ಯಾರು ಎಂದು ಡಾಕ್ಟರ್ ಕೇಳಿದರು. ನಾನು ಸಿಸ್ಟರ್ ಕಡೆ ನೋಡಿದೆ. ಅವರು ಈಗ ಹೇಳುತ್ತಾರೆ, ನಾನು ಪಕ್ಕದಲ್ಲಿದ್ದದ್ದನ್ನೂ ಎಚ್ಚರಿಸಿದ್ದನ್ನೂ ಸೇರಿಸುತ್ತಾರೆ ಎಂದುಕೊಂಡಿದ್ದೆ.

ಸಿಸ್ಟರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ಉಡ್ಗಿ ಒಸಬಳು ಸಾ" ಎಂದರು. "ನಾನೇ ಕೊಡ್ಬೇಕಾಗಿತ್ತು. ಅಜ್ಜಿ ಕರೀತಾವ್ರೆ ಅಂತ ಮ್ಯಾಕ್ ಓದೆ. ಅವಳ ಕೈಗ್ ಕೊಟ್ಟಿದ್ದು ನನ್ ತಪ್ಪು. ಏನ್ ಅಂಬೋದಿದ್ರೂ ನಂಗನ್ನಿ."

ಚಿಕ್ಕತಾಯಮ್ಮನ ಗಂಡ ಅವರನ್ನು ಗೌರವದಿಂದ ನೋಡಿದರು. ಡಾಕ್ಟರ್ ತಲೆದೂಗಿದರು. ತನ್ನದಲ್ಲದ ತಪ್ಪನ್ನು ದೊಡ್ಡ ಮನಸ್ಸಿನಿಂದ ಮೈಮೇಲೆ ಹಾಕಿಕೊಳ್ಳುತ್ತಿರುವ ಹೆಂಗಸು ಎಂದೇ ಎಲ್ಲರೂ ತಿಳಿದರು.

"ನಾನಲ್ಲ ಸಾರ್, ಸಿಸ್ಟರೇ ಕೊಟ್ಟಿದ್ದು" ಎಂದೆ.

"ಅವರು ನಿನ್ನನ್ನ ಉಳಿಸೋಕೆ ನೋಡ್ತಿದ್ದಾರೆ, ನೀನು ಅವರ ತಲೆಗೇ ಕಟ್ತೀಯಲ್ಲಮ್ಮ" ಎಂದರು ಡಾಕ್ಟರ್.

ಸಿಸ್ಟರ್ ನನ್ನ ಕಡೆ ತಿರುಗಲಿಲ್ಲ. ಅಂದೇ ನನ್ನ ಕೆಲಸ ಹೋಯಿತು. ಗೇಟಿನವರೆಗೆ ಅವರು ಹಿಂದೆಯೇ ಬಂದರು. ನನ್ನ ಎರಡೂ ಕೈ ಹಿಡಿದುಕೊಂಡು, "ನಿಂಗಿನ್ನೂ ವಯಸ್ಸದೆ ಮಂಜಿ, ಎಲ್ ಓದ್ರೂ ಕೆಲ್ಸ ಸಿಗ್ತದೆ. ನನ್ನ ಯಾರ್ ಕರೀತಾರೆ?" ಎಂದರು. ನಾನು ಕೈ ಬಿಡಿಸಿಕೊಂಡೆ. ಬಸ್ಸಿನಲ್ಲಿ ಕೂತಾಗ ಅಳು ಬಂತು. ಕೆಲಸ ಹೋದದ್ದಕ್ಕೆ ಬಂದ ಅಳು ಅದಾಗಿರಲಿಲ್ಲ. ತಮ್ಮ ತೋಳನ್ನು ನನ್ನ ಸೂಜಿಗೆ ಕೊಟ್ಟವರು, ಅಷ್ಟು ಸಲೀಸಾಗಿ, ದನಿಯೂ ನಡುಗದೆ, ನನ್ನನ್ನು ಕೊಟ್ಟುಬಿಟ್ಟಿದ್ದರು. ಮೊದಲೇ ಮನಸ್ಸಿನಲ್ಲಿ ಹೇಳಿಕೊಂಡು ಬಂದಿದ್ದರೇನೋ ಎಂಬಷ್ಟು ಸಲೀಸಾಗಿ.

ಕೆಲವು ದಿನ ಬಿಟ್ಟು ನಾನು ಹೆಮ್ಮರಗಾಲಕ್ಕೆ ಹೋದೆ. ಅಮ್ಮ ಬೇಡವೆಂದಿದ್ದರು, ಊರವರು ಹೊಡೆದಾರು ಎಂದು ಹೆದರಿದ್ದರು. ಚಿಕ್ಕತಾಯಮ್ಮ ಹುಳು ಸಾಕುವ ಮನೆಯ ಜಗಲಿಯಲ್ಲಿ ಎಡಗೈಯಲ್ಲಿ ಸೊಪ್ಪು ಹರಡುತ್ತಿದ್ದರು. ಬಲಗೈಗೆ ಬ್ಯಾಂಡೇಜ್ ಇತ್ತು. ನಾನು ಅಲ್ಲೇ ನಿಂತು, "ನಾನು ಕೊಟ್ಟಿದ್ದಲ್ಲ ಅಕ್ಕ" ಎಂದೆ.

"ಗೊತ್ತು ಕಣವ್ವ" ಎಂದರು ಅವರು. "ನಂಗೇನ್ ಕಣ್ಣಿರ್ನಿಲ್ವ? ನೀನು ತಟ್ಟೆ ಇಡ್ಕೊಂಡ್ ನಿಂತಿದ್ದೆ. ಯಾರೂ ನನ್ನ ಕೇಳ್ನೇ ಇಲ್ಲ. ಅವ್ರವ್ರೇ ಮಾತಾಡ್ಕೊಂಡ್ರು. ನಮ್ ಯಜಮಾನ್ರಿಗೆ ನಾನು ಏಳುದ್ರೆ, ಆಯಮ್ಮ ಒಳ್ಳೇರು, ನಿಂಗೆ ಜ್ಞಾನ ಇರ್ನಿಲ್ಲ ಅಂತಾರೆ."

ಅವರು ಕೂರಲು ಹೇಳಿದರು, ಕಾಫಿ ಕೊಟ್ಟರು. ಗಾಯ ಪೂರ್ತಿ ಒಣಗುವವರೆಗೆ ನಾನು ಆಗಾಗ ಹೋಗಿ ಡ್ರೆಸಿಂಗ್ ಮಾಡಿ ಬಂದೆ. ಅವರ ಗಂಡ ಮೊದಮೊದಲು ನನ್ನನ್ನು ಕಂಡರೆ ಎದ್ದು ಹೊರಗೆ ಹೋಗುತ್ತಿದ್ದರು. ಬರುಬರುತ್ತಾ ಬಸ್ ಸ್ಟಾಪಿನವರೆಗೆ ಬೈಕಿನಲ್ಲಿ ಬಿಡತೊಡಗಿದರು. ಆ ವಿಷಯ ಮಾತ್ರ ಎತ್ತಲಿಲ್ಲ.

ನನಗೆ ಟಿ. ನರಸೀಪುರದಲ್ಲೇ ಒಂದು ಸಣ್ಣ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ನನಗೊಂದು ವಿಚಿತ್ರ ಕಷ್ಟ ಎದುರಾಯಿತು. ಶಿವನಾಗಮ್ಮನವರನ್ನು ಮರೆಯಬೇಕೆಂದರೆ ಕೆಲಸವನ್ನೇ ಮರೆಯಬೇಕಿತ್ತು. ಬಿಸಿಬಟ್ಟೆ ಸುತ್ತುವುದು ಅವರದು, ಹೆಸರು ಕೇಳುವ ರೀತಿ ಅವರದು, ಸೂಜಿ ಇಳಿಸುವ ಓರೆ ಕೂಡ ಅವರದು. ಸೋಮನಾಥಪುರದ ಕಡೆಯಿಂದ ಬಂದ ಒಬ್ಬ ಅಜ್ಜ, "ನಿನ್ ಕೈ ಮೆತ್ಗದೆ ಕಣವ್ವ, ಎಲ್ ಕಲ್ತೆ?" ಎಂದು ಕೇಳಿದರು. ಕಾಲೇಜಿನಲ್ಲಿ ಎಂದು ಸುಳ್ಳು ಹೇಳಿದೆ.

ಹೋದ ವರ್ಷ ನಮ್ಮ ಊರಿನಲ್ಲಿ ಸುತ್ತಮುತ್ತಲ ಆಸ್ಪತ್ರೆಗಳ ನರ್ಸುಗಳಿಗೆ ಒಂದು ದಿನದ ತರಬೇತಿ ಇಟ್ಟಿದ್ದರು. ನರದ ಮೂಲಕ ಔಷಧ ಕೊಡುವಾಗಿನ ಎಚ್ಚರಿಕೆಗಳ ಬಗ್ಗೆ. ಕಲ್ಯಾಣ ಮಂಟಪದ ಹಾಲ್ ತುಂಬಿತ್ತು. ಹೇಳಿಕೊಡಲು ಬಂದವರು ಕಾರಿನಿಂದಿಳಿದಾಗ ನೋಡಿದೆ. ಶಿವನಾಗಮ್ಮ ಸಿಸ್ಟರ್. ಕೂದಲು ಪೂರಾ ಬೆಳ್ಳಗಾಗಿತ್ತು. ಒಳ್ಳೆಯ ಸೀರೆ ಉಟ್ಟಿದ್ದರು. ಕೊರಳಿನ ದಾರದ ಜಾಗದಲ್ಲಿ ಕನ್ನಡಕಕ್ಕೆ ಸಣ್ಣ ಸರ ಬಂದಿತ್ತು.

ಅದ್ಭುತವಾಗಿ ಹೇಳಿಕೊಟ್ಟರು, ಅದನ್ನು ನಾನು ಇಲ್ಲವೆನ್ನಲಾರೆ. ನಂಜಮ್ಮನ ಪ್ರಸಂಗ ಹೇಳಿ ಎಲ್ಲರನ್ನೂ ನಗಿಸಿದರು. ಆಮೇಲೆ ದನಿ ತಗ್ಗಿಸಿದರು. "ಈಗ ಒಂದು ಬೇಜಾರಿನ ವಿಷ್ಯ. ನನ್ ಕೈಕೆಳಗೆ ಒಬ್ಳು ಉಡುಗಿ ಇದ್ಲು. ಬಾಳ ಚುರುಕು. ಮಗಳಂಗ್ ನೋಡ್ಕೊಂಡಿದ್ದೆ. ಒಂದಿನ ಕ್ಯಾಲ್ಸಿಯಂ ಕೊಡೋವಾಗ, ಪೇಶೆಂಟು ಉರಿತದೆ ಉರಿತದೆ ಅಂದ್ರೂ ನಿಲ್ಲಿಸ್ನಿಲ್ಲ..."

ನಾನು ಕೂತದ್ದು ಮೂರನೆಯ ಸಾಲಿನಲ್ಲಿ. ಮಾತಿನ ಮಧ್ಯೆ ಅವರ ಕಣ್ಣು ನನ್ನ ಮೇಲೆ ಬಿತ್ತು. ಒಂದು ಗಳಿಗೆ ತಡೆದರು. ನಾನು ಅಂದುಕೊಂಡೆ, ಈಗ ನಿಲ್ಲಿಸುತ್ತಾರೆ. ಅವರು ನೀರು ಕುಡಿದು, ಉಳಿದದ್ದನ್ನು ಪೂರ್ತಿ ಹೇಳಿದರು. ಆ ಹುಡುಗಿಗೆ ಕೆಲಸ ಹೋಯಿತು, ಆದರೆ ಆ ಕೈ ವಾಪಸ್ ಬರಲಿಲ್ಲ ಎಂದು ಮುಗಿಸಿದರು. ಪಕ್ಕದಲ್ಲಿದ್ದ ಚಿಕ್ಕ ವಯಸ್ಸಿನ ನರ್ಸ್ ನನ್ನ ಕಡೆ ಬಾಗಿ, "ಎಂಥವರಿರ್ತಾರೆ ನೋಡಿ ಅಕ್ಕ" ಎಂದಳು.

ನಾನು ಎದ್ದು ನಿಂತೆ. "ಸಿಸ್ಟರ್, ಆ ಹುಡುಗಿ ನಾನೇ" ಎಂದೆ. "ನಾನು ಟ್ರೇ ಹಿಡಿದುಕೊಂಡಿದ್ದೆ. ಸಿರಿಂಜ್ ಯಾರ ಕೈಲಿತ್ತು ಅಂತ ಇವರಿಗೆಲ್ಲ ಹೇಳಿ."

ಮುಂದಿನ ಸಾಲುಗಳವರೆಲ್ಲ ನನ್ನ ಕಡೆ ತಿರುಗಿದರು. ಸಿಸ್ಟರ್ ನನ್ನನ್ನು ನೋಡಿ ನಕ್ಕರು. ಇಡ್ಲಿಯ ಡಬ್ಬಿ ಮುಂದಿಡುವಾಗಿನ ನಗು.

"ಕೂತ್ಕಳವ್ವ" ಎಂದರು. "ಪ್ರಶ್ನೆಗಳೆಲ್ಲ ಕೊನೇಲಿ."

ಕೊನೆಯಲ್ಲಿ ಅವರಿಗೆ ಶಾಲು ಹೊದಿಸಿದರು, ಹಾರ ಹಾಕಿದರು. ಪ್ರಶ್ನೆಗೆ ಸಮಯವಿಲ್ಲ, ಸಿಸ್ಟರ್ ಮೈಸೂರಿಗೆ ಹೊರಡಬೇಕು ಎಂದು ಯಾರೋ ಮೈಕಿನಲ್ಲಿ ಹೇಳಿದರು. ನಾನು ಬಾಗಿಲಿಗೆ ಹೋಗುವಷ್ಟರಲ್ಲಿ ಕಾರು ಹೊರಟಿತ್ತು. ಅವರನ್ನು ನಾನು ನೋಡಿದ್ದು ಅದೇ ಕೊನೆ. ಈಚೆಗೆ ಬಿಳಿಗೆರೆಯ ಮನೆಯನ್ನೂ ಬಿಟ್ಟು ಎಲ್ಲೋ ಹೋಗಿದ್ದಾರಂತೆ. ಎಲ್ಲಿಗೆಂದು ನಾನು ವಿಚಾರಿಸಲಿಲ್ಲ.

ಆ ಸಂಜೆ ಚಿಕ್ಕತಾಯಮ್ಮನಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಅವರು ಅಡ್ಡ ಬಾಯಿ ಹಾಕದೆ ಕೇಳಿದರು.

"ನೀನ್ ಎದ್ ನಿಂತಾಗ ಏನಂದ್ಲು?"

"ಕೂತ್ಕೊ ಅಂದ್ರು."

ಹುಳುಗಳು ಸೊಪ್ಪು ತಿನ್ನುವ ಸರಸರ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

"ನಂಗೂ ಅವತ್ತು ಅಂಗೇ ಅಂದ್ಲು ಕಣವ್ವ" ಎಂದರು ಚಿಕ್ಕತಾಯಮ್ಮ. "ಸೂಜಿ ಕಿತ್ತಾದ್ ಮ್ಯಾಲೆ, ನೀನು ತಟ್ಟೆ ಇಡೋಕ್ ಓದಾಗ, ಕಿವೀತಾವ್ ಬಂದು. ಸುಮ್ಕೆ ಮನೀಕೊ, ಯಾರ್ಗೂ ಏಳ್ಬೇಡ ಅಂತ. ತಲೆ ಸವರಿ ಅಂದ್ಲು. ಎಷ್ಟ್ ಒಳ್ಳೇಳು ಅಂತ ನಾನೂ ಮನೀಕೊಂಡೆ."